ನಲವತ್ತೆರಡನೆಯ ವಸ್ತು

ಫೆಬ್ರವರಿ 3, ಸೋಮವಾರ
ಉಗ್ರಾಣದ ತೇವಾಂಶ ಶೇಕಡಾ 51. ಉಷ್ಣಾಂಶ 21.

ಈ ನೋಟ್‌ಬುಕ್ ಕೊಡಿಸಿದವರು ನನ್ನ ಅತ್ತೆ. ನಿನ್ನೆ ಸಂಜೆ ನನ್ನ ಮುಂದೆ ಇಟ್ಟು, "ದಿನಾ ಆಫೀಸಿಂದ ಬಂದು ನನ್ನ ತಲೆ ತಿಂತೀಯ. ನಂಗೀಗ ಎಂಬತ್ತು. ಇರೋದೊಂದು ತಲೆ. ಇನ್ಮೇಲೆ ಇದರ ತಲೆ ತಿನ್ನು" ಎಂದರು. ಅವರ ಮಗ, ಅಂದರೆ ನನ್ನ ಯಜಮಾನರು, ತೀರಿಕೊಂಡು ಒಂಬತ್ತು ವರ್ಷವಾಯಿತು. ಅಂದಿನಿಂದ ಮನೆಯಲ್ಲಿ ನಾವಿಬ್ಬರೇ. ನಾನು ಆಫೀಸಿನ ವಿಷಯ ಹೇಳುತ್ತೇನೆ, ಅವರು ಕೇಳಿ ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಸಂತೋಷವಲ್ಲವಂತೆ, ಸಹನೆಯಂತೆ. ಸರಿ, ಇನ್ನು ಪುಸ್ತಕವೇ ಸಹಿಸಲಿ.

ಗೊಣಗಲು ಕಾರಣವಿದೆ. ನಮ್ಮ ಕಲಾ ಸಂಗ್ರಹಾಲಯಕ್ಕೆ ಹೊಸ ನಿರ್ದೇಶಕಿ ಬಂದಿದ್ದಾರೆ. ಅವರಿಗೆ ಎಲ್ಲವೂ ನಿಂತ ಕಾಲಲ್ಲೇ ಆಗಬೇಕು. ಒಂದು ಕೃತಿ ನಮ್ಮ ಸಂಗ್ರಹಕ್ಕೆ ಸೇರಬೇಕಾದರೆ ಮೊದಲು ಕ್ಯುರೇಟರ್ ಹೋಗಿ ನೋಡಿ ಮೆಚ್ಚಬೇಕು, ಆಯ್ಕೆ ಸಮಿತಿ ಕೂತು ಒಪ್ಪಬೇಕು, ಕೊಡುವವರು ದಾನಪತ್ರಕ್ಕೆ ಸಹಿ ಹಾಕಬೇಕು. ಆಮೇಲೆ ಅದು ನನ್ನ ಕೈಗೆ ಬರುತ್ತದೆ. ನಾನು ಎಣಿಸುತ್ತೇನೆ, ಅಳೆಯುತ್ತೇನೆ, ಭೂತಗನ್ನಡಿ ಹಿಡಿದು ಪ್ರತಿಯೊಂದು ಬಿರುಕು, ಕಲೆ, ಗೀರು ಹುಡುಕಿ ಸ್ಥಿತಿ ವರದಿ ಬರೆಯುತ್ತೇನೆ, ಹಿಂಬದಿಯಲ್ಲಿ ಸಣ್ಣ ಕುಂಚದಿಂದ ಸಂಖ್ಯೆ ಹಾಕುತ್ತೇನೆ. ಕೊನೆಗೆ ದೊಡ್ಡ ದಾಖಲೆ ಪುಸ್ತಕದಲ್ಲಿ ಒಂದು ಸಾಲು. ಆ ಸಾಲು ಬೀಳುವ ತನಕ ಅದು ಬರಿಯ ವಸ್ತು. ಬಿದ್ದ ಮೇಲೆ ಕಾಗದವಿಲ್ಲದೆ ಅದನ್ನು ಒಂದು ಇಂಚು ಸರಿಸಲು ನಿರ್ದೇಶಕಿಗೂ ಅಧಿಕಾರವಿಲ್ಲ. ಇದಕ್ಕೆಲ್ಲ ಆರು ತಿಂಗಳಾದರೂ ಬೇಕು. ಇವರು ನಲವತ್ತೆರಡು ಕೃತಿಗಳನ್ನು ಒಂದೇ ಸಲ ತಂದು, ಮಾರ್ಚ್ 22ಕ್ಕೆ ಪ್ರದರ್ಶನವನ್ನೂ ತೆರೆಯುತ್ತಾರಂತೆ!

ದಾಖಲೆ ಪುಸ್ತಕದ ಒಂದು ಸಾಲು ತಪ್ಪಿದರೆ ಅದನ್ನು ಕೆಂಪು ಶಾಯಿಯಲ್ಲಿ ಹೊಡೆಯಬೇಕು. ತಪ್ಪು ಮಾಡಿದವರೇ ಪಕ್ಕದಲ್ಲಿ ಕಾರಣ ಬರೆದು, ಮುಂದಿನ ಸಮಿತಿ ಸಭೆಯಲ್ಲಿ ಎದ್ದು ನಿಂತು ಅದನ್ನು ಗಟ್ಟಿಯಾಗಿ ಓದಬೇಕು. ಸಂಗ್ರಹಾಲಯ ಶುರುವಾದಾಗಿನಿಂದ ಇರುವ ಪದ್ಧತಿ. ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದವರು ಹನ್ನೊಂದು ಸಲ ಓದಿದ್ದಾರೆ. ನಾನು ಬಂದು ಇಪ್ಪತ್ತಾರು ವರ್ಷವಾಯಿತು, ನನ್ನ ಡ್ರಾಯರಿನ ಕೆಂಪು ಶಾಯಿ ಬಾಟಲಿಯ ಸೀಲು ಇನ್ನೂ ಒಡೆದಿಲ್ಲ. ಆಫೀಸಿನವರು ನನ್ನ ಬೆನ್ನ ಹಿಂದೆ ನನ್ನನ್ನು 'ನಂಬರಮ್ಮ' ಎನ್ನುತ್ತಾರೆಂದು ಗೊತ್ತು. ಅನ್ನಲಿ.

ಫೆಬ್ರವರಿ 5, ಬುಧವಾರ
ತೇವಾಂಶ 52. ಉಷ್ಣಾಂಶ 21.

ಕೃತಿಗಳು ಬಂದವು. ಮಾಡಿದವರು ಎಪ್ಪತ್ತೆರಡು ವರ್ಷದ ಒಬ್ಬ ಪೇಂಟರ್. ಚಿತ್ರ ಬರೆಯುವ ಪೇಂಟರ್ ಅಲ್ಲ, ಮನೆಗಳಿಗೆ ಬಣ್ಣ ಹೊಡೆಯುವವರು. ಎಲ್ಲರೂ ಅವರನ್ನು ಮೇಸ್ತ್ರಿ ಎನ್ನುತ್ತಾರೆ. ಐವತ್ತು ವರ್ಷ ಊರವರ ಗೋಡೆಗೆ ಬಣ್ಣ ಹೊಡೆದು, ಮನಸ್ಸಿಗೆ ಹಿಡಿದ ಒಂದೊಂದು ಕೋಣೆಯನ್ನೂ ಒಂದು ಹಲಗೆಯ ಮೇಲೆ ಚಿತ್ರವಾಗಿ ಬರೆದಿಟ್ಟುಕೊಂಡಿದ್ದಾರಂತೆ. ನಮ್ಮ ಕ್ಯುರೇಟರ್ ತನ್ನ ಬಾಡಿಗೆ ಮನೆಗೆ ಬಣ್ಣ ಹೊಡೆಸಲು ಅವರನ್ನು ಹುಡುಕಿಕೊಂಡು ಹೋದವನು ಹಲಗೆಗಳನ್ನು ನೋಡಿ ಬಣ್ಣದ ವಿಷಯವನ್ನೇ ಮರೆತು ಬಂದ.

ಹಲಗೆಗಳು ಅಲುಗಾಡಬಾರದೆಂದು ಮೇಸ್ತ್ರಿ ವ್ಯಾನಿನ ಹಿಂಬದಿಯಲ್ಲೇ ಅವುಗಳ ಜೊತೆ ಕೂತು ಬಂದಿದ್ದರು. ಬಾಗಿಲು ಹಿಡಿದು ಮಂಡಿ ನೋವಿಗೆ ಹಲ್ಲು ಕಚ್ಚಿಕೊಂಡು ಇಳಿದರು. ನನ್ನ ಕೋಣೆಗೆ ಬಂದವರು ನಮಸ್ಕಾರ ಮಾಡುವ ಮೊದಲೇ ಗೋಡೆ ನೋಡಿದರು.

"ಇದನ್ನ ಯಾರು ಹೊಡೆದಿದ್ದು? ಎರಡೇ ಕೋಟು ಹೊಡೆದು ಓಡಿಹೋಗಿದ್ದಾರೆ."

"ಇರಬಹುದು. ಇಲ್ಲಿ ಸಹಿ ಹಾಕಿ."

"ಅಮ್ಮಾ, ಒಂದು ಮಾತು. ಅದೊಂದು..."

"ಮೇಸ್ತ್ರಿ, ಮೊದಲು ರಸೀದಿ. ಆಮೇಲೆ ಮಾತು."

ಸಹಿ ಹಾಕಿದರು. ಅಷ್ಟರಲ್ಲಿ ನಿರ್ದೇಶಕಿ ಬಂದು ಅವರನ್ನು ಚಹಾಕ್ಕೆ ಕರೆದುಕೊಂಡು ಹೋದರು. ಆಳುಗಳು ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ಗಂಟುಗಳನ್ನು ಒಂದೊಂದಾಗಿ ಇಳಿಸಿದರು, ನಾನು ಬಾಗಿಲಲ್ಲಿ ನಿಂತು ಎಣಿಸಿದೆ. ದಾನಪತ್ರದಲ್ಲಿ 'ನಲವತ್ತೆರಡು ಕೃತಿಗಳು' ಎಂದಿದೆ. ಇಳಿದದ್ದು ನಲವತ್ತೆರಡು ಗಂಟು. ಎಣಿಕೆ ಸರಿಯಾಗಿದೆ ಎಂದು ಬರೆದು ಬೀಗ ಹಾಕಿದೆ.

ಫೆಬ್ರವರಿ 10, ಸೋಮವಾರ
ತೇವಾಂಶ 51. ಉಷ್ಣಾಂಶ 21.

ಹತ್ತೊಂಬತ್ತು ಹಲಗೆ ಮುಗಿದವು. ಪ್ರತಿಯೊಂದೂ 30 ಸೆಂ.ಮೀ. ಅಗಲ, 45 ಎತ್ತರ. ಇವುಗಳ ಸ್ಥಿತಿ ವರದಿ ಬರೆಯುವುದು ತಲೆನೋವಿನ ಕೆಲಸ. ಯಾಕೆಂದರೆ ಮೇಸ್ತ್ರಿ ಬರೆದಿರುವುದೇ ಕಲೆ, ಬಿರುಕು, ಗೀರುಗಳನ್ನು! ಹೊಸ ಬಣ್ಣ ಬಳಿಯುವ ಮೊದಲು ಆ ಗೋಡೆ ಹೇಗಿತ್ತೋ ಹಾಗೆ. ಒಂದರಲ್ಲಿ ಬಾಗಿಲ ಪಕ್ಕ ಪೆನ್ಸಿಲಿನಲ್ಲಿ ಮಕ್ಕಳ ಎತ್ತರದ ಗುರುತುಗಳು, ಏಳು ವರ್ಷದವರೆಗೆ ಹತ್ತಿ ಅಲ್ಲಿಗೇ ನಿಂತಿವೆ. ಒಂದರಲ್ಲಿ ಅಡುಗೆಮನೆಯ ಗೋಡೆಯ ಮೇಲೆ ಯಾರೋ ಗೀಚಿಕೊಂಡ ಫೋನ್ ನಂಬರುಗಳು. ಇನ್ನೊಂದರಲ್ಲಿ ಕ್ಯಾಲೆಂಡರ್ ತೆಗೆದ ಜಾಗ ಮಾತ್ರ ಹೊಸದಾಗಿ ಉಳಿದಿರುವ ಹಸಿರು ಗೋಡೆ.

'ಕಲೆ ಇದೆ' ಎಂದು ಬರೆದರೆ ಅದು ಹಲಗೆಯ ದೋಷವೋ ಮೇಸ್ತ್ರಿಯ ಚಿತ್ರವೋ ಎಂದು ಮುಂದಿನವರು ಒದ್ದಾಡುತ್ತಾರೆ. ಅದಕ್ಕೆ ಪ್ರತಿ ಕಲೆಯ ಮುಂದೆ 'ಉದ್ದೇಶಪೂರ್ವಕ' ಎಂದು ಸೇರಿಸುತ್ತಿದ್ದೇನೆ. ಕೈ ನೋಯುತ್ತಿದೆ.

ಮೂವತ್ತೊಂದನೆಯದನ್ನು ಅಳತೆಗೆಂದು ಸುಮ್ಮನೆ ಮುಂಚಿತವಾಗಿ ಬಿಚ್ಚಿದೆ. ಕುರ್ಚಿಯ ಹಿಂದಿನ ಗೋಡೆಯಲ್ಲಿ ಯಾರದೋ ತಲೆ ಒರಗಿ ಒರಗಿ ಆದ ಎಣ್ಣೆಯ ಗುರುತು. ನಮ್ಮ ನಡುಮನೆಯಲ್ಲೂ ಒಂದಿದೆ, ಯಜಮಾನರ ಕುರ್ಚಿಯ ಹಿಂದೆ. ಸ್ವಲ್ಪ ಹೊತ್ತು ನೋಡಿ ಮತ್ತೆ ಸುತ್ತಿಟ್ಟೆ. ಕ್ರಮ ತಪ್ಪಬಾರದು.

ಫೆಬ್ರವರಿ 13, ಗುರುವಾರ
ತೇವಾಂಶ 53. ಉಷ್ಣಾಂಶ 22.

ಎಲ್ಲ ಮುಗಿಯಿತು. ಸಂಖ್ಯೆ 11,306ರಿಂದ 11,347ರವರೆಗೆ. ಕೊನೆಯ ಗಂಟು ಬಿಚ್ಚಿದರೆ ಹಲಗೆಯಲ್ಲ, ಒಂದು ಸ್ಟೂಲು! ಮರದ್ದು, ನಾಲ್ಕು ಕಾಲು, ಎತ್ತರ 41 ಸೆಂ.ಮೀ. ಮೇಲಿಂದ ಕೆಳಗೆ ಬಣ್ಣದ ಹನಿಗಳು ಒಂದರ ಮೇಲೊಂದು ಬಿದ್ದು ದಪ್ಪಗೆ ಕಟ್ಟಿವೆ. ಒಂದು ಕಡೆ ಸಿಪ್ಪೆಯೆದ್ದಲ್ಲಿ ಹದಿನೇಳು ಪದರ ಎಣಿಸಿದೆ. ಒಂದು ಕಾಲು 6 ಮಿ.ಮೀ. ಗಿಡ್ಡ.

ಬಣ್ಣ ತಾನಾಗಿ ಚೆಲ್ಲಿದ್ದೋ ಬೇಕೆಂದು ಹಾಕಿದ್ದೋ ತಿಳಿಯದೆ ಕ್ಯುರೇಟರನನ್ನು ಕರೆದೆ. ಅವನು ಸ್ಟೂಲಿನ ಸುತ್ತ ಎರಡು ಸುತ್ತು ಹಾಕಿ, ಕನ್ನಡಕ ತೆಗೆದು ಒರೆಸಿ, "ಮೇಡಂ, ಇದು ಇಡೀ ಸರಣಿಯ ಸಾರಾಂಶ" ಎಂದ. ಹಾಗಾದರೆ ಉದ್ದೇಶಪೂರ್ವಕ. ಬರೆದೆ. ಸೀಟಿನ ಅಡಿಯಲ್ಲಿ ಸಂಖ್ಯೆ ಹಾಕಿದೆ, ಪುಸ್ತಕದಲ್ಲಿ ಸಾಲು ಬಿತ್ತು.

ಸಂಜೆ ನಿರ್ದೇಶಕಿ ಬಂದು ನೋಡಿ ಸ್ಟೂಲಿನ ಮುಂದೆ ಅಕ್ಷರಶಃ ಮಂಡಿಯೂರಿದರು. ಪ್ರದರ್ಶನದ ಆಹ್ವಾನ ಪತ್ರಿಕೆಗೆ ಇದರದ್ದೇ ಫೋಟೋ ಅಂತೆ. ಹಲಗೆಗಳ ನಡುವೆ ಒಂದು ಕಟ್ಟೆ ಕಟ್ಟಿ ಅದರ ಮೇಲೆ ಸ್ಟೂಲು. ನಾಳೆ ಸಮಿತಿಯ ಅಧ್ಯಕ್ಷರನ್ನೂ ಕರೆಸಿ ತೋರಿಸುತ್ತಾರಂತೆ. ಇಪ್ಪತ್ತಾರು ವರ್ಷದಲ್ಲಿ ಇಷ್ಟು ವೇಗವಾಗಿ ಇಷ್ಟು ಅಚ್ಚುಕಟ್ಟಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ. ಅತ್ತೆಗೆ ಹೇಳಿದೆ. "ಪುಸ್ತಕಕ್ಕೆ ಹೇಳು" ಎಂದರು.

ಫೆಬ್ರವರಿ 20, ಗುರುವಾರ
ತೇವಾಂಶ 52.

ಮಧ್ಯಾಹ್ನ ಮೇಸ್ತ್ರಿ ಹಿಂಬಾಗಿಲಿಗೆ ಬಂದರು. ಒಳಗೆ ಕರೆದರೂ ಹೊಸಿಲ ಮೇಲೇ ನಿಂತು ಟೋಪಿ ಹಿಂಡುತ್ತಿದ್ದರು.

"ಅಮ್ಮಾ, ತಪ್ಪು ತಿಳ್ಕೋಬೇಡಿ. ನನ್ನ ಸ್ಟೂಲು ಇಲ್ಲೇನಾದ್ರೂ ಉಳಿದಿದ್ಯಾ?"

"ಯಾವ ಸ್ಟೂಲು?"

"ವ್ಯಾನಲ್ಲಿ ಕೂರೋಕೆ ಹಾಕ್ಕೊಂಡು ಬಂದಿದ್ದೆ. ಮೆತ್ತಗಿರ್ಲಿ ಅಂತ ಹಳೇ ಬೆಡ್‌ಶೀಟು ಸುತ್ತಿದ್ದೆ. ಇಳಿಯುವಾಗ ಮರೆತೆ. ಎರಡು ವಾರ ಕಾದೆ, ನೀವು ಕಳಿಸ್ತೀರೇನೋ ಅಂತ. ಆಮೇಲೆ ಅನ್ನಿಸ್ತು, ಇಲ್ಲಿ ಹಂಗೇ ಪದ್ಧತಿ ಇರ್ಬೋದು, ಸ್ಟೂಲನ್ನೂ ಇಟ್ಕೋತಾರೇನೋ ಅಂತ."

ದಾನಪತ್ರದ ಫೈಲು ತೆರೆದು ಕೇಳಿದೆ: "ಮತ್ತೆ ನಲವತ್ತೆರಡು ಕೃತಿ ಅಂತ ದಾನಪತ್ರದಲ್ಲಿ ಇದೆಯಲ್ಲ?"

"ಹೌದಮ್ಮಾ. ನಲವತ್ತೊಂದು ಕಳಿಸಿದ್ದೀನಿ, ಒಂದು ಇನ್ನೂ ಬರೀಬೇಕು. ಅವತ್ತು ಹೇಳೋಕೆ ಬಂದೆ, ನೀವು ರಸೀದಿ ಅಂದ್ರಿ. ಆ ಸ್ಟೂಲಿಲ್ದೆ ಕೈ ಓಡ್ತಿಲ್ಲ. ಐವತ್ತು ವರ್ಷ ಅದರ ಮೇಲೇ ಕೂತು ಕೈ ಕಲ್ತಿರೋದು."

ಸ್ಟೂಲು ಅವರು ನಿಂತಿದ್ದ ಜಾಗದಿಂದ ಹತ್ತು ಹೆಜ್ಜೆಯಾಚೆ ಕಪಾಟಿನಲ್ಲಿತ್ತು. ನಾನು ಏನು ಹೇಳಿದೆ? "ವಿಚಾರಿಸಿ ಹೇಳ್ತೀನಿ" ಎಂದೆ. ಅವರು ಕೈಮುಗಿದು ಹೋದರು.

ಫೆಬ್ರವರಿ 21, ಶುಕ್ರವಾರ

ಎಣಿಕೆ ಸರಿಬಂತೆಂದು ನೋಡುವುದನ್ನೇ ಬಿಟ್ಟೆ. ಬೇರೆ ಯಾರಾದರೂ ಆಗಿದ್ದರೆ ಮೊದಲ ನೋಟಕ್ಕೇ 'ಇದು ಕೂರುವ ಸ್ಟೂಲು' ಎನ್ನುತ್ತಿದ್ದರು. ನಾನು ಅದರ ಪದರ ಎಣಿಸಿದೆ.

ಫೆಬ್ರವರಿ 24, ಸೋಮವಾರ
ತೇವಾಂಶ 51.

ನಿಯಮಾವಳಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ದಾಖಲಾದ ವಸ್ತುವನ್ನು ಸಂಗ್ರಹದಿಂದ ಕೈಬಿಡಲು ಕನಿಷ್ಠ ಒಂದು ವರ್ಷ. ಎರವಲು ಕೊಡಬಹುದು. ಸ್ಟೂಲನ್ನು ಮೇಸ್ತ್ರಿಗೇ ಎರವಲು ಕೊಟ್ಟರೆ ಹೇಗೆ ಎಂದು ಅರ್ಜಿ ತುಂಬಲು ಕೂತೆ. ಪಡೆಯುವವರ ಬಳಿ ಹವಾನಿಯಂತ್ರಿತ ಕೋಣೆ ಇದೆಯೇ? ಕಾವಲುಗಾರರು ಎಷ್ಟು ಜನ? ವಸ್ತುವನ್ನು ಯಾವ ಎತ್ತರದ ಗಾಜಿನ ಪೆಟ್ಟಿಗೆಯಲ್ಲಿ ಇಡಲಾಗುವುದು? ಕೊನೆಯ ಷರತ್ತು: ವಸ್ತುವನ್ನು ಅದರ ಮೂಲ ಉಪಯೋಗಕ್ಕೆ ಬಳಸತಕ್ಕದ್ದಲ್ಲ. ಅಂದರೆ ಕೂರುವ ಹಾಗಿಲ್ಲ. ಈ ಷರತ್ತು ಸೇರಿಸಿದವಳೂ ನಾನೇ, ಹದಿನಾಲ್ಕು ವರ್ಷದ ಹಿಂದೆ.

ದಾಖಲಿಸಿದ್ದೇ ತಪ್ಪೆಂದು ಒಪ್ಪಿಕೊಳ್ಳುವ ಕೆಂಪು ಶಾಯಿ ಒಂದೇ ದಾರಿ. ಆದರೆ ಮಾರ್ಚ್ 6ಕ್ಕೆ ಸಮಿತಿ ಸಭೆ. ಒಂಬತ್ತು ಜನದ ಮುಂದೆ ಎದ್ದು ನಿಂತು ಓದುವುದು ನನ್ನಿಂದಾಗದು. ಬೇರೆ ಉಪಾಯವಿದೆ. ನನ್ನ ಸ್ಥಿತಿ ವರದಿಯಲ್ಲಿ ಆ ಸ್ಟೂಲಿನ ಪ್ರತಿಯೊಂದು ಅಳತೆಯೂ ಇದೆಯಲ್ಲ! ಸಂಗ್ರಹಾಲಯದ ಎದುರಿನ ಬಡಗಿಗೆ ಕೊಟ್ಟು ಅಂಥದ್ದೇ ಮಾಡಿಸುತ್ತೇನೆ.

ಫೆಬ್ರವರಿ 27, ಗುರುವಾರ

ಬಡಗಿ ಚೆನ್ನಾಗಿಯೇ ಮಾಡಿದ್ದ. ಹೊತ್ತುಕೊಂಡು ಮೇಸ್ತ್ರಿಯ ಮನೆಗೆ ಹೋದೆ. ಒಂದೇ ಕೋಣೆ, ಒಂದು ಕಿಟಕಿ. ಗೋಡೆಗೆ ಯಾವ ಬಣ್ಣವೂ ಇಲ್ಲ, ಬರೀ ಗಾರೆ. ಊರಿಗೆಲ್ಲ ಬಣ್ಣ ಹೊಡೆದವರ ಮನೆ ಇದು.

"ಸಂಗ್ರಹಾಲಯದ ಕಡೆಯಿಂದ" ಎಂದು ಸ್ಟೂಲು ಇಟ್ಟೆ. ಮುದುಕರು ಖುಷಿಯಿಂದ ಎರಡು ಸಲ ಸವರಿದರು, ಕೂತರು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಕುಂಚ ಹಿಡಿದರು. ಆಮೇಲೆ ಕುಂಚ ಕೆಳಗಿಟ್ಟರು.

"ಯಾಕೆ ಮೇಸ್ತ್ರಿ? ಅಳತೆ ಮಿಲಿಮೀಟರ್ ತಪ್ಪಿಲ್ಲ."

"ಅಳತೆಯೇನೋ ಸರಿ ಅಮ್ಮಾ. ಅಲುಗಾಡ್ತಾನೇ ಇಲ್ಲ."

"ಅಲುಗಾಡಬಾರದಲ್ಲ!"

"ಅಲುಗಾಡ್ಬೇಕು. ನಂದು ಬಲಗಡೆ ಒಂಚೂರು ವಾಲ್ತದೆ. ಬಣ್ಣ ಅದ್ದೋಕೆ ವಾಲೋದು, ಹಚ್ಚೋಕೆ ಎದ್ದು ಬರೋದು. ಮಂಡಿಗೆ ಶ್ರಮ ಇಲ್ಲ, ಕೈಗೆ ಒಂದು ಲಯ ಸಿಗ್ತದೆ."

ಆರು ಮಿಲಿಮೀಟರ್. ನಾನೇ ವರದಿಯಲ್ಲಿ ಬರೆದಿದ್ದೆ. ಬಡಗಿಗೆ ಕೊಡುವಾಗ ದೋಷವೆಂದು ನಾನೇ ಹೊಡೆದುಹಾಕಿ, ನಾಲ್ಕೂ ಕಾಲು ಸಮ ಮಾಡಿಸಿದ್ದೆ.

ಕೊಯ್ದುಬಿಡೋಣ ಎಂದೆ. ಮೇಸ್ತ್ರಿ ನಕ್ಕರು. "ಕೊಯ್ದರೆ ಅದು ವಾಲ್ತದೆ ಅಮ್ಮಾ, ಆದ್ರೆ ನಂಗೆ ಹಂಗೆ ವಾಲ್ಬೇಕು ಅಂತ ಅದಕ್ಕೆ ಗೊತ್ತಾಗೋಕೆ ಇನ್ನೈವತ್ತು ವರ್ಷ ಬೇಕು. ಬಿಡಿ, ನೀವು ಕೂತ್ಕೊಳ್ಳಿ ಇದರ ಮೇಲೆ. ಚಹಾ ಮಾಡ್ತೀನಿ." ಕೂತೆ. ಚಹಾ ಕುಡಿದೆ. ಅಲ್ಲಿಂದಲೇ ಕಿಟಕಿಯ ಬೆಳಕು ಗಾರೆಯ ಮೇಲೆ ಹೇಗೆ ಸರಿಯುತ್ತದೆಂದು ತೋರಿಸಿದರು. ಆಫೀಸಿಗೆ ಒಂದೂವರೆ ಗಂಟೆ ತಡವಾಗಿ ಹೋದೆ.

ಮಾರ್ಚ್ 2, ಭಾನುವಾರ

ಅತ್ತೆ ಮುಖ ನೋಡಿಯೇ ಹಿಡಿದುಬಿಟ್ಟರು. "ಹತ್ತು ದಿನದಿಂದ ಗೊಣಗ್ತಾ ಇಲ್ಲ. ಹುಷಾರಿಲ್ವಾ?" ಎಂದರು. ಪುಸ್ತಕಕ್ಕಷ್ಟೇ ಹೇಳಬೇಕೆಂದಿದ್ದವಳು ಎಲ್ಲವನ್ನೂ ಅವರಿಗೇ ಹೇಳಿಬಿಟ್ಟೆ. ವ್ಯಾನು, ಗಂಟು, ಹದಿನೇಳು ಪದರ, ಸಾರಾಂಶ, ಆಹ್ವಾನ ಪತ್ರಿಕೆ. ಅವರು ಮೊದಲು ಗಂಭೀರವಾಗಿ ಕೇಳಿದರು. 'ವಸ್ತುವನ್ನು ಅದರ ಮೂಲ ಉಪಯೋಗಕ್ಕೆ ಬಳಸತಕ್ಕದ್ದಲ್ಲ' ಎಂಬಲ್ಲಿಗೆ ಬರುವಷ್ಟರಲ್ಲಿ ಸೆರಗು ಬಾಯಿಗೆ ತುರುಕಿಕೊಂಡಿದ್ದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಕೋಪ ಮಾಡಿಕೊಳ್ಳೋಣ ಎಂದು ನೋಡಿದೆ. ಆಗಲಿಲ್ಲ. ನನಗೂ ಶುರುವಾಯಿತು. ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿ, ಏನಾಯಿತು ಎಂದು ಕೇಳಿದರು.

"ಮೂಗು ಒರೆಸ್ಕೊಂಡು ಹೋಗಿ ಓದಿಬಿಡು" ಎಂದರು ಅತ್ತೆ, ನಗು ನಿಂತ ಮೇಲೆ. "ಒಂಬತ್ತು ಜನ ತಾನೇ? ಅವರೇನು ನಿನ್ನ ನುಂಗ್ತಾರಾ? ಆ ಮನುಷ್ಯ ಕೆಲಸ ಬಿಟ್ಟು ಕೂತಿದ್ದಾನಲ್ಲ, ಅದನ್ನ ಯೋಚ್ನೆ ಮಾಡು."

ಹೌದು. ನಾನು ಇಷ್ಟು ದಿನ ನನ್ನ ಪುಸ್ತಕದ ಬಗ್ಗೆ ಯೋಚಿಸುತ್ತಿದ್ದೆ. ನಾಚಿಕೆಯಾಯಿತು.

ಮಾರ್ಚ್ 3, ಸೋಮವಾರ

ನಿರ್ದೇಶಕಿಗೆ ಹೇಳಿದೆ. ಅವರ ಮೇಜಿನ ಮೇಲೆ ಆಹ್ವಾನ ಪತ್ರಿಕೆಯ ಕಟ್ಟುಗಳಿದ್ದವು, ಪ್ರತಿಯೊಂದರ ಮೇಲೂ ಸ್ಟೂಲು. ಅವರು ತಲೆ ಮೇಲೆ ಕೈ ಹೊತ್ತು ಕೂತರು.

"ಮೇಡಂ, ಇದನ್ನ ನಾವಿಬ್ಬರೇ..." ಎಂದು ಅವರು ಶುರುಮಾಡಿದರು. ನಲವತ್ತೆರಡನೆಯ ಹಲಗೆ ಬಂದ ಮೇಲೆ ಅದನ್ನು ನಲವತ್ತಮೂರು ಎಂದು ಸೇರಿಸಿ, ಸ್ಟೂಲನ್ನು ಹೇಗೋ ಮೇಸ್ತ್ರಿಯಿಂದ ಕೇಳಿ ಪಡೆದರೆ ಪುಸ್ತಕ ಮುಟ್ಟಬೇಕಾಗಿಯೇ ಇಲ್ಲವಂತೆ. ಕೇಳಿದರೆ ಅವರು ಇಲ್ಲ ಅನ್ನುವವರೂ ಅಲ್ಲ.

ಒಂದು ತಿಂಗಳ ಹಿಂದೆ ಆಗಿದ್ದರೆ ನಾನು ಅವರ ಕಾಲಿಗೆ ಬೀಳುತ್ತಿದ್ದೆ.

"ಕೇಳಿದರೆ ಕೊಡ್ತಾರೆ. ಆದ್ದರಿಂದಲೇ ಕೇಳಬಾರದು" ಎಂದೆ. "ಆ ಸ್ಟೂಲು ಇಲ್ಲಿದ್ದರೆ ಕೊನೇ ಹಲಗೆ ಬರೋದಿಲ್ಲ. ನಾನು ಓದ್ತೀನಿ."

ಅವರು ಪತ್ರಿಕೆಗಳ ಕಟ್ಟನ್ನು ಪಕ್ಕಕ್ಕೆ ಸರಿಸಿ, "ನಿಮಗೆ ಅಷ್ಟು ಧೈರ್ಯ ಇದ್ರೆ ನಂಗೇನು ಕಷ್ಟ" ಎಂದರು.

ಮಾರ್ಚ್ 6, ಗುರುವಾರ

ಬಾಟಲಿಯ ಸೀಲು ಒಡೆದೆ. ಶಾಯಿ ಒಣಗಿ ಹೋಗಿತ್ತು! ಇಪ್ಪತ್ತಾರು ವರ್ಷ ಕಾಪಾಡಿದ್ದು ಒಣಗಿದ ಪುಡಿಯನ್ನು. ಸಭೆಗೆ ಅರ್ಧ ಗಂಟೆ ಇದೆ. ಕ್ಯುರೇಟರ್ ಎದುರಿನ ಅಂಗಡಿಗೆ ಓಡಿಹೋಗಿ ಹೊಸ ಬಾಟಲಿ ತಂದ, ಬರುವ ರಭಸಕ್ಕೆ ತನ್ನ ಅಂಗಿಗೂ ಸ್ವಲ್ಪ ಚೆಲ್ಲಿಕೊಂಡಿದ್ದ. ಸಾಲಿನ ಮೇಲೆ ಸ್ಕೇಲು ಇಟ್ಟು ಗೆರೆ ಎಳೆದೆ. ಸ್ಕೇಲು ಜಾರಿ ತುದಿಯಲ್ಲಿ ಗೆರೆ ಸ್ವಲ್ಪ ಮೇಲೆ ಹೋಯಿತು. ಹೋಗಲಿ.

ಮೇಸ್ತ್ರಿಯನ್ನೂ ಕರೆಸಿದ್ದೆ. ಏನೋ ಸಮಾರಂಭವೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಗೋಡೆಬದಿ ಕೂತಿದ್ದರು. ಎದ್ದು ನಿಂತು ಓದಿದೆ:

"ಸಂಖ್ಯೆ 11,347. ಸ್ಟೂಲು, ಮರ ಮತ್ತು ಬಣ್ಣ. ಇದು ಕೃತಿಯಲ್ಲ. ಇದು ಕೃತಿಕಾರರು ಕೂರುವ ಸ್ಟೂಲು. ವ್ಯಾನಿನಲ್ಲಿ ಅವರು ಇದರ ಮೇಲೆ ಕೂತು ಬಂದಿದ್ದರು. ನಾನು ಗಂಟುಗಳನ್ನು ಎಣಿಸಿದೆ, ಎಣಿಕೆ ಸರಿಯಾಗಿತ್ತು, ಆದ್ದರಿಂದ ನೋಡಲಿಲ್ಲ. ಅವರು ಹೇಳಲು ಬಂದಾಗ ಕೇಳಲಿಲ್ಲ. ಅವರು ಕೇಳಲು ಬಂದಾಗ ಹೇಳಲಿಲ್ಲ. ತಪ್ಪು ನನ್ನದು."

ಸಮಿತಿಯ ಅಧ್ಯಕ್ಷರಿಗೆ ಎಂಬತ್ತರ ಹತ್ತಿರ, ಯಾವಾಗಲೂ ಅರ್ಧ ನಿದ್ದೆಯಲ್ಲಿರುವವರು. ಅವರು ಕಣ್ಣುಬಿಟ್ಟು, "ಅಂದ್ರೆ... ಹೋದ ತಿಂಗಳು ನಾನು ಇಪ್ಪತ್ತು ನಿಮಿಷ ಹೊಗಳಿದ್ದು ಸ್ಟೂಲನ್ನಾ?" ಎಂದರು.

"ಹೌದು ಸಾರ್."

"ಕೂರೋ ಸ್ಟೂಲನ್ನಾ?"

"ಹೌದು ಸಾರ್. ಅದರ ಮೌನದ ಬಗ್ಗೆ ಹೇಳಿದ್ರಿ."

ಮೊದಲು ನಕ್ಕವರು ಅವರೇ. ಅವರ ನಗು ಕಟ್ಟೆಯೊಡೆದ ಮೇಲೆ ಉಳಿದವರನ್ನು ಹಿಡಿಯುವವರಿಲ್ಲ. ಕ್ಯುರೇಟರ್ ಶಾಯಿ ಚೆಲ್ಲಿದ ಅಂಗಿಯಲ್ಲಿ ಮುಖ ಮುಚ್ಚಿಕೊಂಡು, "ಸಾರಾಂಶ ಅಂದವನು ನಾನು" ಎಂದು ಒಪ್ಪಿಕೊಂಡ. ಮೇಸ್ತ್ರಿ ಮಾತ್ರ ನಗಲಿಲ್ಲ. ಎದ್ದು ಬಂದು, ಎಲ್ಲರೆದುರಿಗೆ ನನಗೆ ಕೈಮುಗಿದು, "ಐವತ್ತು ವರ್ಷದಲ್ಲಿ ಒಂದು ತಪ್ಪನ್ನ ಮುಚ್ಚೋಕೆ ನನ್ನ ಕರೆದವರೇ ಎಲ್ಲಾ. ತೋರ್ಸೋಕೆ ಕರೆದವರು ನೀವೊಬ್ರೇ ಅಮ್ಮಾ" ಎಂದರು. ಆಗ ನನಗೆ ಅಳು ಬಂತು. ಯಾಕೆ ಬರಬೇಕಿತ್ತೋ.

ಸಂಖ್ಯೆ ಹಾಕುವ ಮೊದಲು ಯಾವಾಗಲೂ ಅಡಿಗೆ ಒಂದು ತೆಳು ವಾರ್ನಿಷ್ ಬಳಿಯುತ್ತೇವೆ, ಎಂದಾದರೂ ಒರೆಸಬೇಕಾದರೆ ಸುಲಭವಾಗಲಿ ಎಂದು. ಸಾವಿರಾರು ಸಲ ಬಳಿದಿದ್ದೇನೆ, ಒಮ್ಮೆಯೂ ಒರೆಸಿರಲಿಲ್ಲ. ಇವತ್ತು ಸ್ಟೂಲಿನ ಅಡಿ ಹತ್ತಿಯಿಂದ ಒಂದು ಸಲ ಉಜ್ಜಿದೆ, ಸಂಖ್ಯೆ ಹೊರಟುಹೋಯಿತು. ಮೇಸ್ತ್ರಿ ನನ್ನ ಕೋಣೆಯಲ್ಲೇ ಅದರ ಮೇಲೆ ಕೂತು, ಗೋಡೆಯನ್ನೂ ಮೇಜಿನ ಮೇಲೆ ತೆರೆದಿದ್ದ ಪುಸ್ತಕವನ್ನೂ ಒಮ್ಮೆ ನೋಡಿ, ಸ್ಟೂಲು ಬಗಲಲ್ಲಿ ಇಟ್ಟುಕೊಂಡು ಮುಂಬಾಗಿಲಿನಿಂದಲೇ ಹೊರಟರು.

ಮಾರ್ಚ್ 16, ಭಾನುವಾರ

ಮೇಸ್ತ್ರಿ ನಮ್ಮ ಮನೆಗೆ ಬಂದಿದ್ದರು. ಬಣ್ಣ ಹೊಡೆಸೋಣ ಎಂದು ಅತ್ತೆ ಎಷ್ಟೋ ವರ್ಷದಿಂದ ಹೇಳುತ್ತಿದ್ದರು, ಸುಮ್ಮನೆ ಕರೆದೆ. ಆಹ್ವಾನ ಪತ್ರಿಕೆಯ ಒಳಪುಟದಲ್ಲಿದ್ದ ಹಸಿರು ಹಲಗೆಯ ಚಿತ್ರ ತೋರಿಸಿ ಅತ್ತೆ, "ಇದು ನಮ್ಮನೆ ಅಡುಗೆಮನೆ! ನಾನು ಮದುವೆಯಾಗಿ ಬಂದಾಗ ಇದೇ ಹಸಿರು!" ಎಂದು ಹಟ ಹಿಡಿದರು.

"ಅಮ್ಮಾ, ಆ ಹಸಿರನ್ನ ನೂರು ಅಡುಗೆಮನೆಗೆ ಹೊಡೆದಿದ್ದೀನಿ. ನೋಡಿದವರೆಲ್ಲ ನಮ್ಮನೇದು ಅಂತಾರೆ."

"ಅವರೆಲ್ಲ ಸುಳ್ಳು. ಇದು ನಮ್ಮದೇ."

ಒಂದು ಗಂಟೆ ವಾದ ಮಾಡಿದರು. ನಡುವೆ ನನಗೆ ಒಲೆಯ ಮೇಲಿದ್ದ ಹಾಲು ಉಕ್ಕಿದ್ದೇ ಗೊತ್ತಾಗಲಿಲ್ಲ. ನಡುಮನೆಯಲ್ಲಿ ಕುರ್ಚಿಯ ಹಿಂದಿನ ಎಣ್ಣೆಯ ಗುರುತನ್ನು ಮೇಸ್ತ್ರಿ ನೋಡಿದರು. "ಇದನ್ನ ಮೊದಲು ಹಲಗೆಗೆ ಇಳಿಸ್ಕೋತೀನಿ. ಗೋಡೆ ವಿಷಯ ಆಮೇಲೆ ನೀವೇ ಹೇಳಿ" ಎಂದರು. ಏಪ್ರಿಲ್‌ನಲ್ಲಿ ಶುರು ಮಾಡಿ ಎಂದೆ. ಅತ್ತೆ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಹಸಿರೇ ಬೇಕಂತೆ.

ಮಾರ್ಚ್ 22, ಶನಿವಾರ

ಎಷ್ಟು ಜನ! ಕಾಲಿಡಲು ಜಾಗವಿಲ್ಲ. ಪ್ರತಿ ಹಲಗೆಯ ಮುಂದೆಯೂ ಯಾರೋ ಒಬ್ಬರು "ಇದು ನಮ್ಮನೆ" ಎಂದು ಯಾರೊಡನೆಯೋ ಜಗಳ ಆಡುತ್ತಿದ್ದರು. ನಲವತ್ತೆರಡನೆಯ ಹಲಗೆ ನಿನ್ನೆ ಸಂಜೆ ಬಂತು, ಬಣ್ಣ ಪೂರ್ತಿ ಆರಿರಲಿಲ್ಲ. ಸಂಖ್ಯೆ ಹಾಕುವಷ್ಟು ಸಮಯವಿರಲಿಲ್ಲ. ಒಂದು ಚೀಟಿ ಅಂಟಿಸಿ ತೂಗುಹಾಕಿ ಎಂದೆ. ಜನರ ತಲೆಗಳ ನಡುವೆ ನನಗೇ ಅದನ್ನು ಸರಿಯಾಗಿ ನೋಡಲಾಗಲಿಲ್ಲ.

ಆಹ್ವಾನ ಪತ್ರಿಕೆಯಲ್ಲಿ ಸ್ಟೂಲು ಅಚ್ಚಾಗಿ ಹೋಗಿತ್ತಲ್ಲ, ಅದಕ್ಕೆ ನಿರ್ದೇಶಕಿ ಮೇಸ್ತ್ರಿಯನ್ನು ಸ್ಟೂಲಿನ ಸಮೇತ ಬನ್ನಿ ಎಂದಿದ್ದರು. ಅವರು ಕೋಣೆಯ ಮಧ್ಯೆ ಅದರ ಮೇಲೆ ಕೂತು, ವಾಲುತ್ತ ಏಳುತ್ತ, ಬಂದವರನ್ನೆಲ್ಲ ಮಾತಾಡಿಸುತ್ತಿದ್ದರು. ಅತ್ತೆಯನ್ನು ಕಂಡಿದ್ದೇ ಎದ್ದು, "ಕೂ‌ತ್ಕೊಳ್ಳಿ ಅಮ್ಮಾ" ಎಂದರು. ಹೊಸದಾಗಿ ಬಂದ ಕಾವಲುಗಾರನಿಗೆ ಏನು ಗೊತ್ತು! "ಅಜ್ಜೀ, ಅದರ ಮೇಲೆ ಕೂರಬೇಡಿ, ಅದು ಕಲಾಕೃತಿ!" ಎಂದು ಓಡಿಬಂದ.

ನಾನು ಅಡ್ಡ ನಿಂತು, "ಅದು ಸ್ಟೂಲಪ್ಪ. ನನ್ನ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದೆ" ಎಂದೆ. ಅತ್ತೆ ಕೂತರು. ಸ್ಟೂಲು ಬಲಕ್ಕೆ ವಾಲಿತು. ಅವರು "ಅಯ್ಯೋ!" ಎಂದು ಕೂಗಿ, ಬೀಳಲಿಲ್ಲವೆಂದು ಗೊತ್ತಾದ ಮೇಲೆ ಇನ್ನೊಂದು ಸಲ ಬೇಕೆಂದೇ ವಾಲಿದರು.

ಮಾರ್ಚ್ 24, ಸೋಮವಾರ

ಸೋಮವಾರ ಸಂಗ್ರಹಾಲಯ ಜನರಿಗೆ ತೆರೆಯುವುದಿಲ್ಲ, ಕೆಲಸ ನಮಗಷ್ಟೇ. ಹಲಗೆಯನ್ನು ಇಳಿಸಿಕೊಂಡು ನನ್ನ ಕೋಣೆಯ ಮೇಜಿಗೆ ತಂದೆ. ಬರೆಯುವ ಮೊದಲು ಕುರ್ಚಿ ಎಳೆದುಕೊಂಡು ಅದರ ಮುಂದೆ ಕೂತೆ, ಎಷ್ಟು ಹೊತ್ತೋ ತಿಳಿಯದು.

ಕೊನೆಯದು ತನ್ನ ಸ್ವಂತ ಕೋಣೆ ಎಂದುಕೊಂಡಿದ್ದರಂತೆ ಮೇಸ್ತ್ರಿ, ಆಮೇಲೆ ಮನಸ್ಸು ಬದಲಾಯಿತಂತೆ. ಹಲಗೆಯಲ್ಲಿ ಇರುವುದು ಆಫೀಸಿನ ನನ್ನ ಇದೇ ಕೋಣೆ. ಎರಡೇ ಕೋಟು ಹೊಡೆದ ಬಿಳಿ ಗೋಡೆ, ನಾನು ಇಷ್ಟು ವರ್ಷ ಬಿಳಿ ಎಂದೇ ತಿಳಿದದ್ದು, ಹಲಗೆಯಲ್ಲಿ ನೋಡಿದರೆ ತಿಳಿ ಹಳದಿ. ನನ್ನ ಕುರ್ಚಿಯ ಬೆನ್ನು ಉಜ್ಜಿ ಆದ ಗೀರು. ಲೋಟ ಇಡುವ ಜಾಗದಲ್ಲಿ ಗೋಡೆಗೆ ಸಿಡಿದ ಚಹಾ. ಎಲ್ಲವೂ ಸ್ಟೂಲಿನಷ್ಟು ಎತ್ತರದಿಂದ ಕಂಡದ್ದು.

ಸ್ಥಿತಿ ವರದಿ ಬರೆದೆ. ಪುಸ್ತಕದಲ್ಲಿ ಕೆಂಪು ಗೆರೆಯ ಕೆಳಗಿನ ಸಾಲಿನಲ್ಲಿ ದಾಖಲಿಸಿದೆ. 11,347 ಇನ್ನು ಯಾರಿಗೂ ಸಿಗುವುದಿಲ್ಲ, ನಿಯಮ ಹಾಗಿದೆ. ವರದಿಯನ್ನು ಇಲ್ಲೂ ಬರೆದಿಡುತ್ತೇನೆ, ಅತ್ತೆಗೆ ಓದಿ ಹೇಳಲು:

ಸಂಖ್ಯೆ 11,348. ಹಲಗೆ, ಬಣ್ಣ. ಗೋಡೆಯ ಮೇಲೆ ಗೀರು: ಉದ್ದೇಶಪೂರ್ವಕ. ಚಹಾದ ಕಲೆ: ಉದ್ದೇಶಪೂರ್ವಕ. ಮೇಜಿನ ಮೇಲೆ ತೆರೆದ ಪುಸ್ತಕ, ಅದರಲ್ಲಿ ಒಂದು ಕೆಂಪು ಗೆರೆ, ತುದಿಯಲ್ಲಿ ಸ್ವಲ್ಪ ಮೇಲೆ ಹೋಗಿದೆ. ಉದ್ದೇಶಪೂರ್ವಕ.